ಬಕಾಸುರನ ಹಲ್ಲು

ಕೈವಾರ ಎಂದರೆ ಹೊರಗಿನವರಿಗೆ ಯೋಗಿ ನಾರೇಯಣ ತಾತಯ್ಯನವರ ಮಠ ನೆನಪಾಗುತ್ತದೆ, ಅಮರನಾರೇಯಣಸ್ವಾಮಿ ಗುಡಿ ನೆನಪಾಗುತ್ತದೆ, ಗುರುಪೂರ್ಣಿಮೆಯ ಸಂಗೀತೋತ್ಸವ ನೆನಪಾಗುತ್ತದೆ. ಊರಿನವರಾದ ನಮಗೆ ಇವುಗಳ ಜೊತೆಗೆ ಇನ್ನೊಬ್ಬನೂ ನೆನಪಾಗುತ್ತಾನೆ. ಅವನೇ ಬಕಾಸುರ. ಮಹಾಭಾರತದ ಏಕಚಕ್ರಪುರ ನಮ್ಮೂರೇ ಎನ್ನುವುದು ಇಲ್ಲಿ ಆಡುವ ಮಕ್ಕಳಿಗೂ ಗೊತ್ತು. ದಿನಕ್ಕೊಂದು ಬಂಡಿ ಅನ್ನ, ಬಂಡಿಗೆ ಕಟ್ಟಿದ ಜೋಡಿ, ಜೊತೆಗೆ ಬಂಡಿ ಹೊಡೆದುಕೊಂಡು ಹೋದ ಮನುಷ್ಯ, ಇಷ್ಟು ಅವನ ಊಟ. ಕೊನೆಗೆ ಭೀಮ ಬಂಡಿ ಏರಿ ಹೋಗಿ, ಅನ್ನವನ್ನೆಲ್ಲ ತಾನೇ ಉಂಡು, ಅಸುರನನ್ನು ಕೊಂದು ಬೆಟ್ಟದ ಅಡಿಗೆ ತಳ್ಳಿದನೆಂಬುದು ಕತೆ.

ಆದರೆ ಭೀಮನ ಕಣ್ಣಿಗೆ ಬೀಳದೆ ಉಳಿದುಕೊಂಡ ಇನ್ನೊಬ್ಬ ಬಕಾಸುರ ನಮ್ಮ ಮನೆಯ ಮುಂದಿನ ಹುಣಸೆಮರದ ಕೆಳಗೆ ನಿಂತಿರುತ್ತಿದ್ದ. ಆ ಹೆಸರಿಟ್ಟವರು ನಮ್ಮ ಅತ್ತೆ. ಇವನು ಅನ್ನ ತಿನ್ನುತ್ತಿರಲಿಲ್ಲ ನಿಜ. ಡೀಸೆಲ್ ಕುಡಿಯುತ್ತಿದ್ದ, ಟೈರು ತಿನ್ನುತ್ತಿದ್ದ, ಎರಡು ತಿಂಗಳಿಗೊಮ್ಮೆ ಒಂದು ಸ್ಪ್ರಿಂಗ್ ಪಟ್ಟಿ ಮುರಿದುಕೊಳ್ಳುತ್ತಿದ್ದ. ಅದೊಂದು ಹಳೆಯ ಫಾರ್ಗೋ ಲಾರಿ. ಮುಂದೆ ಉದ್ದನೆಯ ಮೂತಿ, ಮೂತಿಯ ಎರಡೂ ಪಕ್ಕ ಗುಂಡು ದೀಪ, ಡ್ರೈವರ್ ತಲೆಯ ಮೇಲೆ ತಾತಯ್ಯನವರ ಪಟ. ನಮ್ಮ ಮಾವ ೧೯೭೧ರಲ್ಲಿ ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. ಟೊಮ್ಯಾಟೊ, ಆಲೂಗೆಡ್ಡೆ, ಕಡಲೆಕಾಯಿ ಮೂಟೆ, ಇಟ್ಟಿಗೆ, ಮದುವೆ ದಿಬ್ಬಣ, ಅದು ಹೊರದ ಹೊರೆಯಿಲ್ಲ. ನಾನು ಸೊಸೆಯಾಗಿ ಬಂದಾಗ ನನ್ನ ಬೀರುವೂ ಅದರಲ್ಲೇ ಬಂತು.

ಈ ಫಾರ್ಗೋಗಳ ಹುಟ್ಟಿನ ಕತೆಗೂ ನಮ್ಮ ಸೀಮೆಗೂ ಒಂದು ಎಳೆಯ ನಂಟಿದೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲೇ ನಮ್ಮ ದೇಶದಲ್ಲೊಂದು ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಬರೆದುಕೊಂಡು ಓಡಾಡಿದವರು. ಆ ಕನಸಿನಲ್ಲಿ ಅವರ ಜೊತೆ ನಿಂತವರು ವಾಲ್‌ಚಂದ್ ಹೀರಾಚಂದ್. ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ೧೯೪೦ರಲ್ಲಿ ಶುರುಮಾಡಿದವರೂ ಅವರೇ. ಕೊನೆಗೆ ಅವರ ಪ್ರೀಮಿಯರ್ ಆಟೋಮೊಬೈಲ್ಸ್ ೧೯೪೪ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ನೆರವಿನಿಂದ ಕುರ್ಲಾದ ಕಾರ್ಖಾನೆಯಲ್ಲಿ ಕಾರು, ಲಾರಿಗಳು ಸಿದ್ಧವಾದವು. ಲಾರಿಗೆ ಡಾಡ್ಜ್, ಡಿಸೋಟೊ, ಫಾರ್ಗೋ ಎಂದು ಮೂರು ಹೆಸರು. ಮೂತಿಯ ಮೇಲಿನ ಹೆಸರು ಬೇರೆ, ಹೊಟ್ಟೆಯೊಳಗಿನ ಕರುಳು ಒಂದೇ. ಒಂದೇ ಹಿಟ್ಟಿನ ಚಕ್ಕುಲಿಗೆ ಮೂರು ಅಂಗಡಿಯವರು ಮೂರು ಹೆಸರಿಟ್ಟ ಹಾಗೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮಾವ ೧೯೯೩ರಲ್ಲಿ ತೀರಿಕೊಂಡರು. ಲಾರಿ ಅತ್ತೆಯ ಹೆಸರಿಗೆ ಬಂತು. ನನ್ನ ಯಜಮಾನರು ಮೇಷ್ಟರು. ಸೀಮೆಸುಣ್ಣ ಬಿಟ್ಟರೆ ಬೇರೆ ಸಾಮಾನು ಹಿಡಿದವರಲ್ಲ. ಮಾವನ ಕಾಲದ ಡ್ರೈವರೇ ಲಾರಿಯನ್ನು ನಡೆಸಿಕೊಂಡು ಹೋಗುತ್ತಿದ್ದರು. ಅತ್ತೆಗೆ ಅವರು ‘ಅಣ್ಣ’, ನಮ್ಮ ಮಕ್ಕಳಿಗೆ ‘ಡ್ರೈವರ್ ತಾತ’. ಲಾರಿಯ ಬಾಡಿಗೆಯಲ್ಲಿ ನನ್ನ ನಾದಿನಿಯ ಕಾಲೇಜು ನಡೆಯುತ್ತಿತ್ತು. ಅವಳ ಮದುವೆಗೂ ಅದನ್ನೇ ನೆಚ್ಚಿಕೊಂಡಿದ್ದೆವು.

೧೯೯೫ರ ಬೇಸಿಗೆಯಲ್ಲಿ ಒಂದು ದಿನ, ಟೊಮ್ಯಾಟೊ ತುಂಬಿಕೊಂಡು ಚಿಂತಾಮಣಿಗೆ ಹೊರಟ ಲಾರಿ ಕೈವಾರ ಕ್ರಾಸಿನ ಹತ್ತಿರ ಕಟಕಟನೆ ಸದ್ದು ಮಾಡಿ ನಿಂತಿತು. ಎಂಜಿನ್ ಓಡುತ್ತಿದೆ, ಕ್ಲಚ್ ಹಿಡಿಯುತ್ತಿದೆ, ಗಿಯರ್ ಬೀಳುತ್ತಿದೆ, ಹೊಟ್ಟೆಯ ಕೆಳಗಿನ ಉದ್ದ ಶಾಫ್ಟೂ ತಿರುಗುತ್ತಿದೆ. ಹಿಂದಿನ ಚಕ್ರ ಮಾತ್ರ ನಾಲ್ಕು ಮಾರು ಕುಂಟಿ, ಜಗ್ಗಿ ನಿಲ್ಲುತ್ತದೆ. ಟೊಮ್ಯಾಟೊವನ್ನು ಬೇರೆ ಲಾರಿಗೆ ದಾಟಿಸಿ ಇದನ್ನು ಮನೆಗೆ ಎಳೆದು ತಂದದ್ದಾಯಿತು. ಹಿಂದಿನ ಗುಂಡು ಹೊಟ್ಟೆಯನ್ನು ಬಿಚ್ಚಿದಾಗ ಎಣ್ಣೆಯ ಜೊತೆ ಕಬ್ಬಿಣದ ಚೂರುಗಳು ಸುರಿದವು. ಡ್ರೈವರ್ ತಾತ ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಂದು, “ಅಮ್ಮಾ, ಬಕಾಸುರನ ಹಲ್ಲು ಬಿದ್ದೋಯ್ತು” ಎಂದರು. ಅವರ ಮುಖ ನೋಡಿ ನಮಗೆ ನಗು ಬರಲಿಲ್ಲ.

ಆ ಹಲ್ಲೇನೆಂದು ಹೇಳಿಬಿಡುತ್ತೇನೆ. ಎಂಜಿನ್ನಿನ ಬಲ ಲಾರಿಯ ಉದ್ದಕ್ಕೂ ಶಾಫ್ಟಿನಲ್ಲಿ ಹಿಂದಕ್ಕೆ ಬರುತ್ತದೆ. ಆದರೆ ಚಕ್ರದ ಅಚ್ಚು ಅಡ್ಡಲಾಗಿರುತ್ತದೆ. ಉದ್ದದ ತಿರುಗಾಟವನ್ನು ಅಡ್ಡಕ್ಕೆ ತಿರುಗಿಸಬೇಕು. ಅದಕ್ಕೆ ಶಾಫ್ಟಿನ ತುದಿಯಲ್ಲೊಂದು ಚಿಕ್ಕ ಹಲ್ಲಿನ ಚಕ್ರ, ಅದರ ಹೆಸರು ಪಿನಿಯನ್. ಅದು ಕಚ್ಚಿ ತಿರುಗಿಸುವ ತಟ್ಟೆಯಗಲದ ದೊಡ್ಡ ಚಕ್ರ ಕ್ರೌನ್. ಕ್ರೌನಿನ ಮಧ್ಯೆ ಡಿಫರೆನ್ಶಿಯಲ್ ಎಂಬ ಇನ್ನೊಂದು ಪುಟ್ಟ ಸಂಸಾರ. ಲಾರಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಭೀಮನ ಬಂಡಿಗೆ ಈ ತಾಪತ್ರಯವಿರಲಿಲ್ಲ; ಎತ್ತಿನ ಬಂಡಿಯಲ್ಲಿ ಒಂದೊಂದು ಚಕ್ರವೂ ಅಚ್ಚಿನ ಮೇಲೆ ತನ್ನ ಪಾಡಿಗೆ ತಾನು ತಿರುಗುತ್ತದೆ. ಚಕ್ರವನ್ನು ಎಂಜಿನ್ನೇ ತಿರುಗಿಸುವ ಗಾಡಿ ಬಂದಾಗ ಈ ಕಷ್ಟ ಎದುರಾಯಿತು. ಫ್ರಾನ್ಸಿನ ಪೆಕ್ಕರ್ ಎಂಬಾತ ೧೮೨೭ರಲ್ಲಿ, ಹಬೆಗಾಡಿಯ ಕಾಲದಲ್ಲೇ, ಇದಕ್ಕೊಂದು ಉಪಾಯ ಕಂಡುಹಿಡಿದ. ಇವತ್ತಿನ ಲಾರಿಯಲ್ಲೂ ಇರುವುದು ಅದೇ ಉಪಾಯ.

ನಮ್ಮ ಪಿನಿಯನ್ನಿನ ಎರಡು ಹಲ್ಲು ಬುಡಸಮೇತ ಹೋಗಿದ್ದವು. ಕ್ರೌನಿನ ಮೂರು ಹಲ್ಲಿಗೆ ಪೆಟ್ಟಾಗಿತ್ತು. ಸುದ್ದಿ ತಿಳಿದು ನೆಂಟರೆಲ್ಲ ಬಂದು ಹುಣಸೆಮರದ ಕೆಳಗೆ ಕುಳಿತು ಕಾಫಿ ಕುಡಿದರು. ಒಬ್ಬರು, “ಫಾರ್ಗೋ ಸಾಮಾನು ಈಗ ಎಲ್ಲಿ ಸಿಗುತ್ತೆ? ಗುಜರಿಗೆ ಹಾಕಿ, ಕೆಜಿ ಲೆಕ್ಕದಲ್ಲಾದರೂ ದುಡ್ಡು ಬರುತ್ತೆ” ಎಂದರು. ಇನ್ನೊಬ್ಬರು ಟಾಟಾ ಲಾರಿಯ ಹಿಂದಿನ ಅಚ್ಚನ್ನೇ ಇಡಿಯಾಗಿ ಇದಕ್ಕೆ ಕೂರಿಸಬಹುದು ಎಂದರು. ಅದೂ ನಡೆಯುವ ಮಾತೇ, ಎಷ್ಟೋ ಜನ ಮಾಡಿಸಿದ್ದರು. ಆದರೆ ಸ್ಪ್ರಿಂಗ್ ಕೂರುವ ಜಾಗ ಕತ್ತರಿಸಿ ಬೆಸೆಯಬೇಕು, ಬ್ರೇಕು ಬದಲಾಗಬೇಕು, ಶಾಫ್ಟಿನ ಉದ್ದ ಹೊಂದಿಸಬೇಕು. ಎಲ್ಲಾ ಸೇರಿ ₹೨೦,೦೦೦ಕ್ಕೆ ಕಡಿಮೆಯಿಲ್ಲ ಎಂದು ಲೆಕ್ಕವಾಯಿತು. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಮುರಿದ ಹಲ್ಲಿನ ಜಾಗಕ್ಕೆ ವೆಲ್ಡಿಂಗ್ ತುಂಬಿ ಅರದಿಂದ ತೀಡಿದರಾಯಿತು ಎಂದವರೂ ಇದ್ದರು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ನೆಂಟರು ಎದ್ದು ಹೋದಮೇಲೆ ಲೋಟ ಎತ್ತಿಡುತ್ತಾ ನನಗೆ ಹೇಳಿದರು: “ಸಿಗಲ್ಲ ಅಂತಾರಲ್ಲಮ್ಮಾ, ಇಂಥ ಲಾರಿ ಇದೊಂದೇ ಮಾಡಿದ್ರಾ? ಮಿಕ್ಕಿದ್ದೆಲ್ಲ ಎಲ್ಲಿಗೋಯ್ತು? ಎಲ್ಲಾದ್ರೂ ಬಿದ್ದಿರಬೇಕು. ತಾತಯ್ಯನೋರು ಮಾರ್ತಿದ್ದ ಗಾಜಿನ ಬಳೆ ಒಡೆದ್ರೆ ಒಡೆದಿದ್ದೇ. ಕಬ್ಬಿಣ ಹಂಗಲ್ಲ.”

ಚಿಂತಾಮಣಿಯಲ್ಲಿ ಲೇತ್ ಇಟ್ಟುಕೊಂಡಿದ್ದ ಒಬ್ಬ ಸಾಬರನ್ನು ಮೊದಲು ಕೇಳಿದೆವು. ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ. ಮುರಿದ ಪಿನಿಯನ್ ನೋಡಿ, ವೆಲ್ಡಿಂಗ್ ಬೇಡವೇ ಬೇಡ ಎಂದರು. ಇಂಥ ಹಲ್ಲಿನ ಮೈಯನ್ನು ಇಂಗಾಲ ಕುಡಿಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿರುತ್ತಾರಂತೆ. ಒಳಗಡೆ ಮಾತ್ರ ಅಷ್ಟು ಗಟ್ಟಿಯಿಲ್ಲ. ಹೊರಗೆ ಗರಿಗರಿ, ಒಳಗೆ ಮೆತ್ತಗಿನ ಉದ್ದಿನವಡೆಯ ಹಾಗೆ. ಹೊರಮೈ ಸವೆಯದೆ ನಿಲ್ಲುತ್ತದೆ, ಒಳಮೈ ಪೆಟ್ಟು ತಡೆದುಕೊಳ್ಳುತ್ತದೆ. ಬೆಸುಗೆಯ ಬಿಸಿ ತಾಗಿದರೆ ಆ ಹದ ಹೋಯಿತು. ಮೊದಲ ಏರಿನಲ್ಲೇ ಹಲ್ಲು ಮತ್ತೆ ಉದುರುತ್ತದೆ.

“ಹೊಸದು ಕಡೆದು ಕೊಡಿ” ಎಂದರು ಅತ್ತೆ. ಸಾಬರು ನಕ್ಕರು. “ನೇರ ಹಲ್ಲಾಗಿದ್ರೆ ಮಾಡಿಕೊಡ್ತಿದ್ದೆ ಅಮ್ಮಾ. ಇದು ಬಾಗಿದ ಹಲ್ಲು. ಇದಕ್ಕೆ ಗ್ಲೀಸನ್ ಮಿಷನ್ ಬೇಕು.”

ಗ್ಲೀಸನ್ ಎಂದರೆ ಏನೆಂದು ಆಗ ನಮಗೆ ಯಾರೂ ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಓದಿ ತಿಳಿದಾಗ, ಅತ್ತೆಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಅಮೆರಿಕದ ರಾಚೆಸ್ಟರ್ ಊರಿನ ವಿಲಿಯಂ ಗ್ಲೀಸನ್ ಎಂಬಾತ ೧೮೭೪ರಲ್ಲಿ ಓರೆ ಹಲ್ಲಿನ ಚಕ್ರ ಕಡೆಯುವ ಯಂತ್ರ ಮಾಡಿದ. ಅವನ ಮಗಳು ಕೇಟ್ ಗ್ಲೀಸನ್, ಹುಟ್ಟಿದ್ದು ೧೮೬೫ರಲ್ಲಿ. ಅಣ್ಣ ತೀರಿಹೋದ ಮೇಲೆ ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಅಪ್ಪನ ಕಾರ್ಖಾನೆಗೆ ಬಂದು ಲೆಕ್ಕಪತ್ರಕ್ಕೆ ಕುಳಿತಳು. ೧೮೮೪ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಯಂತ್ರವಿದ್ಯೆ ಓದಲು ಸೇರಿದಳು. ಮನೆಯಲ್ಲಿ ದುಡ್ಡಿನ ಮುಗ್ಗಟ್ಟಾಗಿ ಓದು ಬಿಟ್ಟು ಕಾರ್ಖಾನೆಗೇ ಮರಳಬೇಕಾಯಿತು. ಆದರೆ ಕೈಕಟ್ಟಿ ಕೂರಲಿಲ್ಲ. ಯಂತ್ರಗಳನ್ನು ಮಾರಲು ೧೮೯೩ರಲ್ಲಿ ಯೂರೋಪಿಗೆ ಹೋಗಿಬಂದಳು. ೧೯೧೪ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಅವಳನ್ನು ಪೂರ್ಣ ಸದಸ್ಯಳಾಗಿ ಆರಿಸಿಕೊಂಡಿತು. ಹೆಂಗಸರಲ್ಲಿ ಆ ಗೌರವ ಪಡೆದ ಮೊದಲಿಗಳು ಅವಳು. ಲಾರಿಯ ಗಿಯರು ಗಂಡಸರ ರಾಜ್ಯ ಎಂದು ನಾವು ತಿಳಿದುಕೊಂಡಿರುತ್ತೇವೆ. ಆ ರಾಜ್ಯದ ಹೆಬ್ಬಾಗಿಲಲ್ಲೇ ಒಬ್ಬ ಹೆಂಗಸು ನೂರು ವರ್ಷದ ಹಿಂದೆ ಬ್ಯಾಗು ಹಿಡಿದು ನಿಂತಿದ್ದಳು.

ಹೊಸದು ಆಗದು, ಬೆಸುಗೆ ಕೂಡದು. ಉಳಿದದ್ದು ಒಂದೇ ದಾರಿ, ಹಳೆಯದರಲ್ಲಿ ಒಳ್ಳೆಯದನ್ನು ಹುಡುಕುವುದು. ಸಾಬರು ಎರಡು ಮಾತು ಹೇಳಿ ಕಳಿಸಿದರು. ಒಂದು, ಫಾರ್ಗೋ ಅಂತ ಮಾತ್ರ ಕೇಳಬೇಡಿ, ಡಾಡ್ಜ್ ಅಂತಲೂ ಡಿಸೋಟೊ ಅಂತಲೂ ಕೇಳಿ. ಎರಡು, ಕ್ರೌನ್ ಒಂದು ಕಡೆ, ಪಿನಿಯನ್ ಒಂದು ಕಡೆ ಕೊಳ್ಳಬೇಡಿ. ಅವು ಜೋಡಿ. ಕಾರ್ಖಾನೆಯಲ್ಲಿ ಒಂದಕ್ಕೊಂದನ್ನು ಉಜ್ಜಿ ಹೊಂದಿಸಿ, ಎರಡಕ್ಕೂ ಒಂದೇ ನಂಬರು ಕೊರೆದಿರುತ್ತಾರೆ. ಆ ನಂಬರು ನೋಡಿ ತನ್ನಿ.

ಆ ಜೋಡಿಯ ಲೆಕ್ಕವೂ ಸೊಗಸಾಗಿದೆ. ಪಿನಿಯನ್ನಿಗೆ ೬ ಹಲ್ಲು ಎಂದಿಟ್ಟುಕೊಳ್ಳಿ. ಕ್ರೌನಿಗೆ ೩೬ ಇಟ್ಟರೆ ಭಾಗಾಕಾರ ಸಲೀಸು, ಆದರೆ ಹಾಗಿಡುವುದಿಲ್ಲ, ೩೭ ಇಡುತ್ತಾರೆ. ೩೬ ಆದರೆ ಈ ಹಲ್ಲು ಯಾವಾಗಲೂ ಅದೇ ಹಲ್ಲನ್ನೇ ಕಚ್ಚುತ್ತದೆ, ಒಂದರ ದೋಷ ಇನ್ನೊಂದನ್ನು ತಿನ್ನುತ್ತದೆ. ೩೭ ಆದರೆ ಪ್ರತಿ ಹಲ್ಲೂ ಸರದಿಯಲ್ಲಿ ಎಲ್ಲ ಹಲ್ಲನ್ನೂ ಭೇಟಿಮಾಡಿ ಬರುತ್ತದೆ, ಸವಕಳಿ ಸಮನಾಗಿ ಹಂಚಿಹೋಗುತ್ತದೆ. ಹೀಗೆ ವರ್ಷಗಟ್ಟಲೆ ಒಟ್ಟಿಗೆ ಸವೆದ ಜೋಡಿಯಲ್ಲಿ ಒಂದನ್ನು ತೆಗೆದು ಹೊಸದನ್ನು ಹಾಕಿದರೆ ಲಾರಿ ರಾತ್ರಿ ಹಗಲು ಊಳಿಡುತ್ತದೆ. ಅತ್ತೆ ಇದನ್ನು ಕೇಳಿ ನನ್ನತ್ತ ಓರೆಗಣ್ಣಿಂದ ನೋಡಿ, “ಹೊಸ ಸೊಸೆ ಬಂದ ಮನೆ ಥರ ಅನ್ನಿ” ಎಂದರು. ನಾನು ಕೇಳಿಸದವಳ ಹಾಗೆ ಇದ್ದುಬಿಟ್ಟೆ.

ಬೆಳಗಿನ ಮೊದಲ ಬಸ್ಸಿಗೆ ಅತ್ತೆ, ನಾನು, ಡ್ರೈವರ್ ತಾತ ಬೆಂಗಳೂರಿಗೆ ಹೊರಟೆವು. ಯಜಮಾನರಿಗೆ ಪರೀಕ್ಷೆಯ ಡ್ಯೂಟಿ, ರಜೆಯಿಲ್ಲ. ಕಲಾಸಿಪಾಳ್ಯದಲ್ಲಿ ಇಳಿದು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಒಂದು ತುದಿಯಿಂದ ಹತ್ತಿದೆವು. ಇಬ್ಬರು ಹೆಂಗಸರು ಅಂಗಡಿಯೊಳಕ್ಕೆ ಬಂದದ್ದು ನೋಡಿ ಕೆಲವರು ವಿಳಾಸ ಕೇಳಲು ಬಂದವರೆಂದು ತಿಳಿದರು. “ಫಾರ್ಗೋ ಕ್ರೌನ್ ಪಿನಿಯನ್ ಜೋಡಿ ಇದೆಯಾ?” ಎಂದು ಅತ್ತೆ ಕೇಳಿದಾಗ ತಕ್ಕಡಿಯ ಹಿಂದಿದ್ದ ಹುಡುಗ ಬಾಯಿಬಿಟ್ಟು ನೋಡಿದ. ಒಳಗಿನಿಂದ ಅವನಪ್ಪ ಎದ್ದು ಬಂದು, “ಅದೆಲ್ಲಾ ನಮ್ಮಪ್ಪನ ಕಾಲಕ್ಕೇ ಮುಗೀತು ತಾಯಿ. ಶಿವಾಜಿನಗರದ ಗುಜರಿಯಲ್ಲಿ ನೋಡಿ” ಎಂದರು. ಕುಡಿಯಲು ನೀರು ಕೊಟ್ಟು, ಅಲ್ಲಿ ಯಾವ ಗಲ್ಲಿಯಲ್ಲಿ ಹಳೇ ಲಾರಿಗಳನ್ನು ಒಡೆಯುತ್ತಾರೆಂದೂ ಹೇಳಿದರು.

ಶಿವಾಜಿನಗರದ ಗುಜರಿ ಎಂದರೆ ಲಾರಿ ಕಾರುಗಳ ಸ್ಮಶಾನವೆಂದು ನಾನು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಅದು ಉಗ್ರಾಣ. ಬಾಗಿಲುಗಳೆಲ್ಲ ಒಂದು ಕಡೆ, ರೇಡಿಯೇಟರುಗಳು ಒಂದು ಕಡೆ, ಗಿಯರುಗಳು ಗಡಿಗೆಯಲ್ಲಿ ಚಕ್ಕುಲಿ ಪೇರಿಸಿದ ಹಾಗೆ ಒಂದರ ಮೇಲೊಂದು. ಮೊದಲ ಅಂಗಡಿಯವನು ತಕ್ಷಣ ಒಂದು ಕ್ರೌನ್, ಒಂದು ಪಿನಿಯನ್ ತಂದು ಮುಂದಿಟ್ಟ. ಡ್ರೈವರ್ ತಾತ ಸೀಮೆಎಣ್ಣೆ ಬಟ್ಟೆಯಲ್ಲಿ ಒರಸಿದರು, ನಾನು ನಂಬರು ಓದಿದೆ. ಎರಡೂ ಬೇರೆ ಬೇರೆ. “ಎಲ್ಲಾ ಒಂದೇ ಅಮ್ಮಾ, ಕೂರುತ್ತೆ” ಎಂದ. “ಜಾತಕ ಕೂಡಿಲ್ಲ, ಬೇಡಪ್ಪ” ಎಂದು ಅತ್ತೆ ಮುಂದಕ್ಕೆ ನಡೆದರು.

ನಾಲ್ಕನೆಯ ಅಂಗಡಿಯಲ್ಲಿ ಡಾಡ್ಜ್ ಲಾರಿಯಿಂದ ಬಿಚ್ಚಿದ ಜೋಡಿಯೊಂದು ತಂತಿಯಲ್ಲಿ ಕಟ್ಟಿಟ್ಟಂತೆಯೇ ಇತ್ತು. ನಂಬರು ಎರಡರಲ್ಲೂ ಒಂದೇ. ಹಲ್ಲಿನ ಲೆಕ್ಕ ನಮ್ಮದಕ್ಕೆ ಸರಿಯಾಗಿತ್ತು. ಆಗ ಅತ್ತೆ ಮಾಡಿದ ಕೆಲಸ ನೋಡಿ ಅಂಗಡಿಯವನೂ ಸುಮ್ಮನಾದ. ಕ್ರೌನನ್ನು ದಾರದಲ್ಲಿ ಎತ್ತಿ ಹಿಡಿಸಿ, ತಮ್ಮ ಸೊಂಟದ ಬೀಗದಕೈಯಿಂದ ಸುತ್ತಲೂ ತಟ್ಟುತ್ತಾ ಬಂದರು. ಟಣ್ ಟಣ್ ಎಂದು ಗಂಟೆಯ ಹಾಗೆ ದನಿ ಬಂತು. ಸಂತೆಯಲ್ಲಿ ಮಡಕೆ, ಪಾತ್ರೆ ಅಂಗಡಿಯಲ್ಲಿ ಕಂಚಿನ ಚೊಂಬು ನಾವೆಲ್ಲ ಹೀಗೇ ಅಲ್ಲವೇ ಕೊಳ್ಳುವುದು? ಬಿರುಕು ಬಿಟ್ಟದ್ದು ಬದ್ ಎನ್ನುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿಯುತ್ತದೆ. ಲೇತಿನವರೂ ಗಿಯರನ್ನು ಹೀಗೆಯೇ ತಟ್ಟಿ ನೋಡುತ್ತಾರೆಂದು ಆಮೇಲೆ ತಿಳಿಯಿತು. ಅತ್ತೆಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಚೌಕಾಶಿ ಮಾಡಿ ₹೩,೨೦೦ಕ್ಕೆ ಇಳಿಸಿದ್ದಾಯಿತು. ಕ್ರೌನ್ ಗೋಣಿಚೀಲದಲ್ಲಿ ಬಸ್ಸಿನ ಮೇಲೇರಿತು. ಪಿನಿಯನ್ ಹಳೇ ಸೀರೆಯಲ್ಲಿ ಸುತ್ತಿಕೊಂಡು ಅತ್ತೆಯ ಮಡಿಲಲ್ಲೇ ಊರಿಗೆ ಬಂತು. ಪಕ್ಕದ ಸೀಟಿನವಳು ಮಗುವೆಂದು ತಿಳಿದು ಸೆರಗು ಸರಿಸಿ ನೋಡಿ, ಬೆಚ್ಚಿ ಕುಳಿತಳು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪಿನಿಯನ್ನಿನ ಕತ್ತಿನಲ್ಲಿ ಬೇರಿಂಗ್ ಕೂರುವ ಜಾಗ ಸವೆದಿತ್ತು. ಸಾಬರು ಆ ಜಾಗವನ್ನು ಲೇತಿನಲ್ಲಿ ಇನ್ನಷ್ಟು ತೆಳ್ಳಗೆ ಮಾಡಿ, ಅದಕ್ಕೊಂದು ಉಕ್ಕಿನ ಉಂಗುರ ಕಡೆದರು. ಉಂಗುರದ ತೂತು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಅದನ್ನು ಎಣ್ಣೆಯಲ್ಲಿ ಕಾಯಿಸಿ, ಹಿಗ್ಗಿದಾಗ ತೊಡಿಸಿದರು. ಆರಿದಮೇಲೆ ಅದು ಹಿಡಿದ ಹಿಡಿತ ಬಿಡಲಿಲ್ಲ. ಬಂಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವ ವಿದ್ಯೆಯೇ ಇದು. ಆಮೇಲೆ ಉಂಗುರದ ಮೈಯನ್ನು ಬೇರಿಂಗಿನ ಅಳತೆಗೆ ತಂದರು. ಬೇರಿಂಗಿನದು ಮಾತ್ರ ತಲೆನೋವಿಲ್ಲದ ವ್ಯವಹಾರ. ಅಂಗಡಿಯವನಿಗೆ ಲಾರಿಯ ಹೆಸರೇ ಬೇಡ, ಬೇರಿಂಗಿನ ಪಕ್ಕದಲ್ಲಿ ಕೊರೆದ ನಂಬರು ಸಾಕು. ಕೊನೆಯ ಎರಡು ಅಂಕಿ ೦೪ ಅಥವಾ ಅದಕ್ಕೆ ಮೇಲಿದ್ದರೆ ಐದರಿಂದ ಗುಣಿಸಿ, ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ. ೬೩೦೮ ಎಂದರೆ ೪೦ ಮಿಲಿಮೀಟರ್. ಪ್ರಪಂಚದಲ್ಲೆಲ್ಲ ಇದೇ ಲೆಕ್ಕ. ಬಳೆಗಾರ ಕೈ ನೋಡಿ ಅಳತೆ ಹೇಳುವ ಹಾಗೆ.

ಕೊನೆಯದು ಜೋಡಿಸುವ ಕೆಲಸ. ಎರಡು ದಿನ ಹಿಡಿಯಿತು. ಎರಡು ಚಕ್ರ ಒಂದನ್ನೊಂದು ಸರಿಯಾದ ಜಾಗದಲ್ಲಿ ಕಚ್ಚುತ್ತಿವೆಯೇ ಎಂದು ನೋಡಲು ಬಣ್ಣ ಬೇಕು. ಸಾಬರು ಹುಡುಗನನ್ನು ಗ್ರಂಧಿಗೆ ಅಂಗಡಿಗೆ ಓಡಿಸಿ ಸಿಂಧೂರ ತರಿಸಿದರು, ಆಂಜನೇಯನಿಗೆ ಬಳಿಯುತ್ತಾರಲ್ಲ, ಅದೇ ಕೆಂಪು ಪುಡಿ. ಎಣ್ಣೆಯಲ್ಲಿ ಕಲಸಿ ಕ್ರೌನಿನ ಹಲ್ಲಿಗೆ ಹಚ್ಚಿ ತಿರುಗಿಸಿದರು. ಪಿನಿಯನ್ ಒತ್ತಿದ ಕಡೆ ಬಣ್ಣ ಅಳಿಸಿ ಗುರುತು ಬಿತ್ತು. ಗುರುತು ಹಲ್ಲಿನ ತುದಿಗೆ ಬಿದ್ದರೆ ಪಿನಿಯನ್ ದೂರದಲ್ಲಿದೆ, ಬುಡಕ್ಕೆ ಬಿದ್ದರೆ ತೀರಾ ಹತ್ತಿರ ಬಂದಿದೆ. ನಡುವೆ ಬೀಳಬೇಕು. ಅದಕ್ಕಾಗಿ ಕಾಗದದಷ್ಟು ತೆಳುವಾದ ಹಿತ್ತಾಳೆ ತಗಡುಗಳನ್ನು ಒಂದೊಂದಾಗಿ ಇಟ್ಟು, ತೆಗೆದು, ಮತ್ತೆ ತಿರುಗಿಸಿ ನೋಡುವುದು. ಭೀಮನೂ ಆಂಜನೇಯನೂ ವಾಯುವಿನ ಮಕ್ಕಳು, ಅಣ್ಣತಮ್ಮಂದಿರು. ಭೀಮ ಕೊಂದ ಬಕಾಸುರನನ್ನು ಅಣ್ಣನ ಸಿಂಧೂರ ಬದುಕಿಸುತ್ತಿದೆ ಎಂದು ಅತ್ತೆ ನಕ್ಕರು. ಸಾಬರೂ ನಕ್ಕರು. ಸಿಂಧೂರದಲ್ಲಿ ಸೀಸವಿದೆ, ವಿಷ ಎಂದು ಹೇಳಿ, ಊಟಕ್ಕೆ ಮುಂಚೆ ಹುಡುಗನ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆಸಿದರು.

ಮೂರನೆಯ ದಿನ ಖಾಲಿ ಲಾರಿಯನ್ನು ಚಿಂತಾಮಣಿ ರಸ್ತೆಯಲ್ಲಿ ಓಡಿಸಿದಾಗ ಸದ್ದಿಲ್ಲ, ಊಳಿಲ್ಲ. ಎಲ್ಲ ಖರ್ಚೂ ಸೇರಿ ಆಗಿದ್ದು ₹೫,೦೦೦ದ ಒಳಗೆ. ಎರಡು ವರ್ಷದ ಮೇಲೆ, ೧೯೯೭ರಲ್ಲಿ, ನಾದಿನಿಯ ಮದುವೆಯ ಪಾತ್ರೆ, ಶಾಮಿಯಾನ, ಅಕ್ಕಿಮೂಟೆ ಎಲ್ಲವೂ ಆ ಬಕಾಸುರನ ಬೆನ್ನಮೇಲೇ ಬಂದವು. ಆ ಮದುವೆಯ ಖರ್ಚಿನ ಅರ್ಧದಷ್ಟೂ ಅವನೇ ದುಡಿದದ್ದು.

ಈಗ ಹಳೆಯ ಗಾಡಿಗಳಿಗೆ ಒಳ್ಳೆಯ ಕಾಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೇ ಕಾರುಗಳು ಮಿರಮಿರನೆ ಮಿಂಚುತ್ತಾ ನಿಂತಿವೆ. ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಸ್ವಂತ ಬಳಕೆಯ ವಾಹನಗಳಿಗೆ ‘ವಿಂಟೇಜ್’ ಎಂಬ ಬೇರೆ ನೋಂದಣಿಯನ್ನೇ ಕೇಂದ್ರ ಸರ್ಕಾರ ೨೦೨೧ರಲ್ಲಿ ತಂದಿತು. ದುಡಿಮೆಗೆ ಅವನ್ನು ಬಳಸುವಂತಿಲ್ಲ. ಲಾರಿಯ ಹಣೆಯಲ್ಲಿ ಅಂಥ ಮರ್ಯಾದೆ ಬರೆದಿರುವುದು ಅಪರೂಪ. ಕಾರನ್ನು ಆಸೆಯಿಂದ ಉಳಿಸಿಕೊಳ್ಳುತ್ತಾರೆ. ಲಾರಿಯನ್ನು ಅಗತ್ಯದಿಂದ ಉಳಿಸಿಕೊಳ್ಳುತ್ತಾರೆ, ಅಗತ್ಯ ಮುಗಿದ ದಿನ ತೂಕಕ್ಕೆ ಹಾಕುತ್ತಾರೆ. ಅದನ್ನು ಉಳಿಸಿದ ವಿದ್ಯೆಯನ್ನಂತೂ ಯಾರೂ ಗಾಜಿನ ಪೆಟ್ಟಿಗೆಯಲ್ಲಿಡುವುದಿಲ್ಲ. ಅದು ಜೆ.ಸಿ. ರಸ್ತೆಯ ಒಬ್ಬ ಮುದುಕರ ನೆನಪಿನಲ್ಲಿ, ಚಿಂತಾಮಣಿಯ ಒಂದು ಲೇತಿನ ಮುಂದೆ, ಬೀಗದಕೈಯಿಂದ ತಟ್ಟಿ ನೋಡುವ ಒಬ್ಬ ಹೆಂಗಸಿನ ಕಿವಿಯಲ್ಲಿ ಇರುತ್ತದೆ. ‘ಸಿಗುವುದಿಲ್ಲ’ ಎಂಬ ಮಾತಿಗೆ ಬಹಳ ಸಲ ‘ಕೇಳಿಕೊಂಡು ಹೋಗುವವರಿಲ್ಲ’ ಎಂದಷ್ಟೇ ಅರ್ಥ.

೨೦೦೨ರಲ್ಲಿ ಡ್ರೈವರ್ ತಾತನಿಗೆ ಕಣ್ಣು ಮಂಜಾಯಿತು. ಲಾರಿಯನ್ನು ಮದನಪಲ್ಲಿ ಕಡೆಯ ಇಟ್ಟಿಗೆ ಗೂಡಿನವರೊಬ್ಬರು ಕೊಂಡರು. ಕಾಗದಪತ್ರ ಕೈಬದಲಾದಮೇಲೆ ಅತ್ತೆ ಒಳಗೆ ಹೋಗಿ ಮಿಕ್ಕಿದ್ದ ಹಿತ್ತಾಳೆ ತಗಡಿನ ಪೊಟ್ಟಣವನ್ನೂ ನನ್ನ ಕೈಯಲ್ಲಿ ಬರೆಸಿದ ಒಂದು ಚೀಟಿಯನ್ನೂ ತಂದು ಅವರಿಗೆ ಕೊಟ್ಟರು. ಚೀಟಿಯಲ್ಲಿ ಕ್ರೌನ್ ಪಿನಿಯನ್ನಿನ ಹಲ್ಲಿನ ಲೆಕ್ಕ, ಬೇರಿಂಗಿನ ನಂಬರು, ಶಿವಾಜಿನಗರದ ಗಲ್ಲಿಯ ಗುರುತು ಇದ್ದವು. ಕೊಂಡವರಿಗೆ ಕನ್ನಡ ಅಷ್ಟಾಗಿ ಬಾರದು. ಅತ್ತೆ ತೆಲುಗಿನಲ್ಲಿ ಬಿಡಿಸಿ ಹೇಳಿದರು: ಫಾರ್ಗೋ ಸಿಗದಿದ್ದರೆ ಡಾಡ್ಜ್ ಅಂತ ಕೇಳಿ, ಅದೂ ಇಲ್ಲದಿದ್ದರೆ ಡಿಸೋಟೊ ಅಂತ ಕೇಳಿ, ಎರಡರ ನಂಬರೂ ಒಂದೇ ಇರಲಿ, ತಟ್ಟಿ ನೋಡಿ ತಗೊಳ್ಳಿ.